ಧಾರವಾಡದ ನೀರು ಕಂಪನಿ ಕೈಗೆ: ವಿರೋಧದ ಮನವಿಗೆ ಸಹಿ ಹಾಕಲಾ?

ಮರೋಳ್ ಧಾರವಾಡಿ:
ನಮಸ್ಕಾರ ಎಲ್ಲರಿಗೂ. ನಾವಿರುವುದು ಅಂಧೇರಿ ಪೂರ್ವದ ಮರೋಳ್‌ನಲ್ಲಿ, ಊರು ಧಾರವಾಡ. ಅಲ್ಲಿ ನೀರು ಬಿಡುವ ಕೆಲಸ ಈಗ ಖಾಸಗಿ ಕಂಪನಿಯದು. ಅಣ್ಣ ಒಂದು ಮನವಿಪತ್ರ ವಾಟ್ಸಾಪ್‌ನಲ್ಲಿ ಕಳಿಸಿ, "ಊರಿನ ನೀರು ಮಾರಿಬಿಟ್ಟರು, ನೀನೂ ಸಹಿ ಹಾಕು" ಎಂದು ದುಂಬಾಲು ಬಿದ್ದಿದ್ದಾನೆ. ಅತ್ತಿಗೆಯ ತವರು ಬೇರೆ ಓಣಿಯಲ್ಲಿದೆ. 2008ರಲ್ಲಿ ದಿನವಿಡೀ ನೀರಿನ ಪ್ರಯೋಗ ಶುರುವಾಯಿತಲ್ಲ, ಅದರಲ್ಲಿ ಅವರ ಓಣಿಯೂ ಇತ್ತು. "ಕೊಡ ಪಾಳಿ ಹಚ್ಚುವುದು ತಪ್ಪಿದೆ, ಸುಮ್ನೆ ಯಾಕೆ ಕಲ್ಲು ಹಾಕ್ತೀರಿ" ಅಂತ ಅವರು. ಒಂದೇ ಮನೆಯಲ್ಲಿ ಎರಡು ಪಾರ್ಟಿ. ನಮ್ಮ ಅಂಧೇರಿಯಲ್ಲೂ ಹಿಂದೆ ಇಂಥದ್ದೇ ಗಲಾಟೆ ಆಗಿತ್ತಂತೆ. ಗೊತ್ತಿದ್ದವರು ಹೇಳಿ.

ಜೋಗೇಶ್ವರಿ ಕಾಕಾ:
ಆಗ ನಾನು ಜೋಗೇಶ್ವರಿ ಪೂರ್ವದಲ್ಲಿ ಸೊಸೈಟಿಯ ಸೆಕ್ರೆಟರಿ. ನಮ್ಮದು ಕೆ-ಪೂರ್ವ ವಾರ್ಡ್: ಅಂಧೇರಿ, ಜೋಗೇಶ್ವರಿ, ವಿಲೇ ಪಾರ್ಲೆಯ ಪೂರ್ವ ಭಾಗಗಳು. ಇಲ್ಲಿ ನೀರು ಹಂಚುವುದನ್ನು ಖಾಸಗಿಯವರಿಗೆ ಕೊಡಬಹುದಾ ಎಂದು ನೋಡಲು ವಿಶ್ವ ಬ್ಯಾಂಕ್ ಬೆಂಬಲದಲ್ಲಿ ಕ್ಯಾಸ್ಟೇಲಿಯಾ ಎಂಬ ಸಲಹಾ ಸಂಸ್ಥೆ ಅಧ್ಯಯನ ನಡೆಸಿತು. 2006ರ ಜೂನ್‌ನಲ್ಲಿ ಸಭೆ ಕರೆದರು, ಜನ ತಿರುಗಿಬಿದ್ದರು. ಅವರ ಪ್ರಶ್ನೆ ಸರಳ. ಈ ವಾರ್ಡಿನಿಂದ ಪಾಲಿಕೆಗೆ ಖರ್ಚಿಗಿಂತ ಆದಾಯವೇ ಜಾಸ್ತಿ, ಮತ್ತೆ ಯಾಕೆ ಕೊಡಬೇಕು? ಕಡೆಗೆ ಯೋಜನೆ ಮೂಲೆಗೆ ಬಿತ್ತು.

ಗೆದ್ದೆವು ಸರಿ, ನಲ್ಲಿಯಲ್ಲಿ ನೀರು ಜಾಸ್ತಿ ಬಂತಾ? ಇಲ್ಲ. ನಮ್ಮ ಗಲ್ಲಿಗೆ ಆಗಲೂ ಚಾವಿವಾಲಾನೇ ದೇವರು. ಬೆಳಕು ಹರಿಯುವ ಮುಂಚೆ ಬಂದು, ರಸ್ತೆಯ ಮುಚ್ಚಳ ಎತ್ತಿ, ಎದೆಮಟ್ಟದ ಕಬ್ಬಿಣದ ಚಾವಿ ಇಳಿಸಿ, ಸುತ್ತು ಎಣಿಸುತ್ತಾ ವಾಲ್ವ್ ತಿರುಗಿಸುತ್ತಿದ್ದ. ಎರಡು ಸುತ್ತು ಕಡಿಮೆಯಾದರೆ ಗುಡ್ಡದ ಮೇಲಿನ ಚಾಳಿಗೆ (ಸಾಲು ಮನೆಗಳಿಗೆ) ನೀರು ಏರುತ್ತಿರಲಿಲ್ಲ. ಆ ಲೆಕ್ಕ ಬರೆದಿಟ್ಟ ಕಾಗದ ನಾನಂತೂ ನೋಡಿಲ್ಲ, ಅದು ಅವನ ಕೈಯಲ್ಲಿತ್ತು. ಹಾಗಾಗಿ ನಾನು ಮೊದಲು ಕೇಳುವುದು, ಧಾರವಾಡದಲ್ಲಿ ಹಳೇ ವಾಲ್ವ್‌ಮನ್‌ಗಳು ಕೆಲಸದಲ್ಲಿ ಉಳಿದಿದ್ದಾರಾ?

ಅಣ್ಣ "ಮಾರಿದರು" ಅನ್ನುವುದನ್ನು ಸ್ವಲ್ಪ ತಡೆದು ನೋಡಿ. 1989ರಲ್ಲಿ ಇಂಗ್ಲೆಂಡಿನಲ್ಲಿ ಪೈಪು, ಪಂಪು, ಜಾಗ ಎಲ್ಲ ಕಂಪನಿಗಳಿಗೆ ಹೋಯಿತು. ಧಾರವಾಡದಲ್ಲಿ ಕೊಟ್ಟಿರುವುದು ನಡೆಸುವ ಗುತ್ತಿಗೆ. ಮಲಪ್ರಭೆಯ ನೀರು ಕಂಪನಿಯದಾಗಿಲ್ಲ. ಪಾಲಿಕೆಯ ಕೈಲಿದ್ದರೆ ದರ ಏರುವುದಿಲ್ಲ ಅನ್ನುವುದೂ ಸುಳ್ಳು. ಮುಂಬೈಯಲ್ಲಿ ವರ್ಷಕ್ಕೆ ಶೇ 8ರವರೆಗೆ ನೀರಿನ ದರ ಏರಿಸಲು ಆಡಳಿತಕ್ಕೆ 2012ರಲ್ಲೇ ಒಪ್ಪಿಗೆ ಸಿಕ್ಕಿದೆ.

ಹಾಗಾದರೆ ನನ್ನ ತಕರಾರು ಏನು? ನಲ್ಲಿ ಒಣಗಿದರೆ ಯಾರ ಬಾಗಿಲು ಬಡಿಯಬೇಕು ಅನ್ನುವುದು. ಇವತ್ತು ಕಾರ್ಪೊರೇಟರ್ ಮನೆ ಮುಂದೆ ಖಾಲಿ ಕೊಡ ಇಟ್ಟು ಕೂರಬಹುದು. (ಮುಂಬೈಯಲ್ಲಿ 2022ರಿಂದ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ, ಆ ಮಾತು ಬೇರೆ.) ಕಂಪನಿ ಬಂದರೆ ಕಾರ್ಪೊರೇಟರು "ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ" ಎಂದು ಕೈ ತೊಳೆದುಕೊಳ್ಳುತ್ತಾರೆ. ಕರಾರಿನಲ್ಲಿ ನೀರು ಬಾರದ ದಿನಕ್ಕೆ ದಂಡ ಇದೆಯಾ, ಅದನ್ನು ಕಟ್ಟಿಸಿಕೊಳ್ಳುವವರು ಯಾರು, ಓದಿ. ಓದದೆ ಸಹಿ ಬೇಡ. ಪರವಾಗಿಯೂ ಬೇಡ, ವಿರೋಧವಾಗಿಯೂ ಬೇಡ.

ಕೊಥ್ರೂಡ್ ಕನ್ನಡತಿ:
ಪುಣೆಯಲ್ಲಿ 24 ಗಂಟೆ ನೀರಿನ ಯೋಜನೆಗೆ ಪಾಲಿಕೆಯೇ 2017ರಲ್ಲಿ 200 ಕೋಟಿ ರೂಪಾಯಿಯ ಬಾಂಡ್ ಎತ್ತಿತು. ನಮ್ಮ ಸೊಸೈಟಿಗೆ ಮೀಟರ್ ಬಂತು, ದಿನವಿಡೀ ನೀರು ಬರಲಿಲ್ಲ. ಏಪ್ರಿಲ್ ಬಂತೆಂದರೆ ಟ್ಯಾಂಕರ್‌ನವನಿಗೇ ಫೋನ್. ಕಾಕಾ, ನಿಮ್ಮ ಕಾರ್ಪೊರೇಟರ್ ಬಾಗಿಲು ತೆಗೆಯುತ್ತಿದ್ದರಾ? ನಮ್ಮವರದು ಸದಾ "ಮೀಟಿಂಗ್‌ನಲ್ಲಿದ್ದಾರೆ".

ಗುಡ್ಡದ ಮೇಲಿನವಳು:
ಕಾಕಾ ಹೇಳಿದ ಆ ಚಾಳಿನಲ್ಲೇ ನಾನು ಬೆಳೆದದ್ದು. ಪಾಲಿಕೆ ನೀರು ಎಲ್ಲರದು ಅಂತ ಹೇಳುವುದು ಸುಲಭ. 2000ದ ನಂತರದ ಝೋಪಡಿಗಳಿಗೆ ನಲ್ಲಿ ಇಲ್ಲ ಎನ್ನುತ್ತಿದ್ದದ್ದೂ ಇದೇ ಪಾಲಿಕೆ. ಅವರಿಗೂ ನೀರು ಕೊಡಬೇಕು ಎಂದು 2014ರ ಡಿಸೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್ ಹೇಳಬೇಕಾಯಿತು. ಧಾರವಾಡಿಯವರೇ, ನಿಮ್ಮೂರಲ್ಲಿ ಹಕ್ಕುಪತ್ರ ಇಲ್ಲದ ಮನೆಗೆ ಕಂಪನಿ ಕನೆಕ್ಷನ್ ಕೊಡುತ್ತದಾ, ಬಿಲ್ ಕಟ್ಟದಿದ್ದರೆ ಎಷ್ಟು ದಿನಕ್ಕೆ ಕತ್ತರಿಸುತ್ತದೆ, ಅದನ್ನೂ ಕೇಳಿ. ನನಗೆ ಮಾಲೀಕ ಯಾರು ಅನ್ನುವುದಕ್ಕಿಂತ ಇದು ಮುಖ್ಯ.

ಮರೋಳ್ ಧಾರವಾಡಿ:
ಎಲ್ಲರಿಗೂ ಥ್ಯಾಂಕ್ಸ್. ಅಣ್ಣನಿಗೆ ಫೋನ್ ಮಾಡಿದೆ. ಕರಾರಿನ ಪ್ರತಿ ಅವನ ಹತ್ತಿರವೂ ಇಲ್ಲ, ಮನವಿ ಬರೆದವರ ಹತ್ತಿರವೂ ಇಲ್ಲ! ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು, ಖರ್ಚು ನನ್ನದು ಎಂದೆ. "ಹತ್ತು ರೂಪಾಯಿಗೆ ಏನು ದೊಡ್ಡಸ್ತಿಕೆ" ಎಂದು ನಕ್ಕ. ವಾಲ್ವ್‌ಮನ್, ದಂಡ, ಹಕ್ಕುಪತ್ರ ಇಲ್ಲದ ಮನೆಗಳು, ಮೂರನ್ನೂ ಸೇರಿಸಿ ಅರ್ಜಿ ಬರೆದುಕೊಡುವವರು ಇಲ್ಲಿ ಯಾರಾದರೂ ಇದ್ದೀರಾ? ಕಾಕಾ, ನಿಮಗೇ ಕೇಳುತ್ತಿರುವುದು.