ಮಂಜಿನಲ್ಲಿ ಕುರಿಹಿಂಡಿನ ಛಾಯಾಚಿತ್ರ

ಪ್ರಶ್ನೆ: ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ದಾಗ, ಎರೆಹೊಲದ ಮಂಜಿನೊಳಗಿಂದ ಬಂದ ಕುರಿಹಿಂಡಿನ ಚಿತ್ರ ತೆಗೆದೆ. ಕಣ್ಣಿಗೆ ಹಾಲಿನಂತೆ ಕಂಡ ಮಂಜು ಚಿತ್ರದಲ್ಲಿ ಬೂದಿಬಣ್ಣಕ್ಕೆ ತಿರುಗಿದೆ. ಇದಕ್ಕೆ ಪರಿಹಾರವೇನು?

ಉತ್ತರ: ಕ್ಯಾಮೆರಾದಲ್ಲಿ ಬೆಳಕನ್ನು ಅಳೆಯುವ ಮೀಟರ್ ಎಲ್ಲ ದೃಶ್ಯವನ್ನೂ ನಡುಬೂದು ಬಣ್ಣದ ಅಳತೆಗೆ ತರುವುದರಿಂದ ಹೀಗಾಗುತ್ತದೆ. ಚಿತ್ರದ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಎಕ್ಸ್‌ಪೋಶರ್ ಕಾಂಪೆನ್ಸೇಶನನ್ನು ಸುಮಾರು +1ಕ್ಕೆ ಏರಿಸಿ ನೋಡಿರಿ.

ಮತ್ತೊಂದು ಉತ್ತರ: ಒಪ್ಪುತ್ತೇನೆ; ಆದರೆ ಸೂರ್ಯ ಚೌಕಟ್ಟಿನೊಳಗೇ ಇದ್ದರೆ ಬಿಳುಪಿನ ವಿವರಗಳು ಅಳಿಸಿಹೋಗದಂತೆ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕಪ್ಪಿನಿಂದ ಬಿಳುಪಿನವರೆಗಿನ ಹಂಚಿಕೆಯನ್ನು ತೋರಿಸುವ ರೇಖಾಚಿತ್ರ) ನೋಡುತ್ತಿರಬೇಕು. ಹಿಂಬೆಳಕಿನಲ್ಲಿ ಉಣ್ಣೆಯ ಅಂಚು ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ, ಆ ಕ್ಷಣವನ್ನು ಬಿಡಬೇಡಿರಿ. ಮಂಜಿನಲ್ಲಿ ಆಟೋಫೋಕಸ್ ತಡವರಿಸಿದರೆ, ಕುರಿಗಾರರ ಕರಿ ಕಂಬಳಿಯ ಅಂಚಿಗೆ ಫೋಕಸ್ ಹಿಡಿಯಿರಿ. ಅದಕ್ಕೂ ಮೊದಲು ಅವರ ಒಪ್ಪಿಗೆ ಕೇಳಿರಿ. ಏಕಾಏಕಿ ಮುಂದೆ ನುಗ್ಗಿದರೆ ಹಿಂಡು ಬೆದರಿ ಬೆಳೆಗೆ ನುಗ್ಗುತ್ತದೆ.