ಸಹಿ ನಿಮ್ಮದು, ಹಣ ಯಾರದು? ಲೆಕ್ಕ ಪರಿಶೋಧಕಿಯೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ತಮ್ಮ ದೇಶದ ನಾಯಕರ ವಿದೇಶಿ ಕಂಪನಿಗಳನ್ನು ಬಯಲಿಗೆಳೆದ ಮಾಲ್ಟಾದ ಪತ್ರಕರ್ತೆ ಡ್ಯಾಫ್ನಿ ಕರುವಾನಾ ಗಲಿಟ್ಸಿಯಾ ಅವರ ಬಗ್ಗೆ ನಮ್ಮ ಗುಂಪಿನ ಸದಸ್ಯೆಯೊಬ್ಬರು ಕಳೆದ ವಾರ ಬರೆದಾಗಿನಿಂದ, ವಿದೇಶಿ ರಹಸ್ಯ ಖಾತೆಗಳ ಕುರಿತು ಪ್ರಶ್ನೆಗಳು ಬರುತ್ತಲೇ ಇವೆ. ಬಾಗಲಕೋಟೆಯ ನವನಗರದಲ್ಲಿ ವೃತ್ತಿ ನಡೆಸುವ ನಮ್ಮ ಸಿ.ಎ. ಮೇಡಂ ಇಂದು ಸಂಜೆ ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ಯಾವ ಸಂಸ್ಥೆಯ ಹೆಸರನ್ನೂ ಬರೆಯಬೇಡಿ, ಫಾರ್ವರ್ಡ್ ಹಾಕಬೇಡಿ, ರಾಜಕೀಯ ತರಬೇಡಿ.

ಬೀಳಗಿಯ ವಿದ್ಯಾರ್ಥಿನಿ: ಮೇಡಂ, ನಾನು ಬಿ.ಕಾಂ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ವಿದೇಶದಲ್ಲಿ ಖಾತೆ ಇಡುವುದೇ ಅಪರಾಧವೇ? ಅಲ್ಲವಾದರೆ ಪನಾಮ ದಾಖಲೆಗಳ ಬಗ್ಗೆ ಅಷ್ಟೊಂದು ಗದ್ದಲ ಏಕಾಯಿತು?

ಸಿ.ಎ. ಮೇಡಂ: ಖಾತೆ ಇಡುವುದು ಅಪರಾಧವಲ್ಲ. ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ರಿಸರ್ವ್ ಬ್ಯಾಂಕೇ ಅವಕಾಶ ಕೊಟ್ಟಿದೆ. ಆದರೆ ಹೊರಗಿರುವ ಖಾತೆ, ಷೇರು, ಮನೆ ಎಲ್ಲವನ್ನೂ ಆದಾಯ ತೆರಿಗೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎ ಭಾಗದಲ್ಲಿ ತೋರಿಸಬೇಕು. ಮುಚ್ಚಿಟ್ಟವರಿಗೆ 2015ರ ಕಪ್ಪುಹಣ ಕಾಯ್ದೆಯಡಿ ಶೇ. 30 ತೆರಿಗೆ, ಆ ತೆರಿಗೆಯ ಮೂರು ಪಟ್ಟು ದಂಡ, ಅದರ ಮೇಲೆ ಜೈಲು ಕೂಡ ಕಾದಿರುತ್ತದೆ.

ಗದ್ದಲ ಎದ್ದದ್ದು ಖಾತೆಗಳಿಂದಲ್ಲ, ಅವುಗಳ ಹಿಂದಿದ್ದ ಮರೆಯಿಂದ. ಪನಾಮದ ಮೊಸಾಕ್ ಫೊನ್ಸೆಕಾ ಎಂಬ ಕಾನೂನು ಸಂಸ್ಥೆಯಿಂದ ಹೊರಬಿದ್ದ 1.15 ಕೋಟಿ ದಾಖಲೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪನಿ, ಟ್ರಸ್ಟುಗಳ ವಿವರವಿತ್ತು. ಅವುಗಳಲ್ಲಿ ಎಷ್ಟೋ ಕಂಪನಿಗಳಿಗೆ ಕಾಗದದ ಮೇಲೆ ನಿರ್ದೇಶಕರಾಗಿದ್ದವರು ಸಾಧಾರಣ ಸಂಬಳಕ್ಕೆ ದುಡಿಯುವ ಕಚೇರಿ ನೌಕರರು. ಹಣದ ನಿಜವಾದ ಒಡೆಯನ ಹೆಸರು ಎಲ್ಲಿಯೂ ಕಾಣುತ್ತಿರಲಿಲ್ಲ. 2016ರ ಏಪ್ರಿಲ್‌ನಲ್ಲಿ ಆ ಮರೆ ಸರಿಯಿತು. ಭಾರತದ ಭಾಗವನ್ನು ಅಗೆದು ತೆಗೆದ ತಂಡದ ಮುಂದಾಳಾಗಿದ್ದವರು ಪತ್ರಕರ್ತೆ ರಿತು ಸರೀನ್. ಹೆಸರು ಬಂದವರೆಲ್ಲ ಕಳ್ಳರೆಂದು ತಿಳಿಯಬೇಡಿ. ರಿಟರ್ನ್‌ನಲ್ಲಿ ತೋರಿಸಿದವರೂ ಆ ಪಟ್ಟಿಯಲ್ಲಿದ್ದರು.

ಮುಧೋಳದ ಹಿರಿಯರು: ಮೇಡಂ, ಸ್ವಿಸ್ ಬ್ಯಾಂಕಿನಲ್ಲಿ ಹಣ ಇಟ್ಟಿರುವ ನಾಯಕರ ಪಟ್ಟಿ, ಯಾರು ಎಷ್ಟು ಕೋಟಿ ಎಂಬ ವಿವರದ ಸಮೇತ ನನ್ನ ಬಳಿ ಇದೆ. ಕೆಳಗೆ ಹಾಕಿದ್ದೇನೆ. ಇದು ನಿಜವೇ?

ಸಿ.ಎ. ಮೇಡಂ: ಸುಳ್ಳು. ಯಾವ ಬ್ಯಾಂಕೂ ಇಂಥ ಪಟ್ಟಿಯನ್ನು ಹಂಚುವುದಿಲ್ಲ. ಅಡ್ಮಿನ್ ಅವರೇ, ಅದನ್ನು ದಯವಿಟ್ಟು ತೆಗೆಯಿರಿ.

ನವನಗರದ ಗೃಹಿಣಿ: ಸ್ವಿಸ್ ಬ್ಯಾಂಕಿನ ಹಣ ನಮ್ಮ ದೇಶಕ್ಕೆ ಯಾವಾಗ ಬರುತ್ತದೆ ಮೇಡಂ?

ಸಿ.ಎ. ಮೇಡಂ: ಹಣ ತಾನಾಗಿ ಬರುವುದಿಲ್ಲ, ಮಾಹಿತಿ ಬರುತ್ತದೆ. ಭಾರತೀಯರ ಖಾತೆಗಳ ವಿವರವನ್ನು ಸ್ವಿಟ್ಜರ್ಲೆಂಡ್ 2019ರ ಸೆಪ್ಟೆಂಬರ್‌ನಿಂದ ಪ್ರತಿವರ್ಷ ನಮ್ಮ ತೆರಿಗೆ ಇಲಾಖೆಗೆ ಕಳಿಸುತ್ತಿದೆ. ಅದಕ್ಕೇ ಜಾಣರು ಈಗ ಸ್ವಂತ ಹೆಸರಿನಲ್ಲಿ ಖಾತೆ ಇಡುವುದಿಲ್ಲ. ಕಂಪನಿಯ ಹಿಂದೆ ಕಂಪನಿಯನ್ನು ನಿಲ್ಲಿಸುತ್ತಾರೆ.

ಹೆಸರು ಬೇಡ: (ಊರು, ಸರಕಿನ ಹೆಸರುಗಳನ್ನು ಸಿ.ಎ. ಮೇಡಂ ಸೂಚನೆಯಂತೆ ತೆಗೆಯಲಾಗಿದೆ. – ಅಡ್ಮಿನ್) ಅಕ್ಕಾವರೇ, ನಾನು ನಮ್ಮ ಜಿಲ್ಲೆಯ ಒಂದು ರಫ್ತು ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಸರಕು ನೇರವಾಗಿ ಯುರೋಪಿನ ಬಂದರಿಗೆ ಹೋಗುತ್ತದೆ, ಬಿಲ್ ಆಫ್ ಲೇಡಿಂಗ್‌ನಲ್ಲಿ (ಹಡಗು ಕಂಪನಿ ಕೊಡುವ ಸರಕಿನ ರಸೀದಿಯಲ್ಲಿ) ಅದೇ ಬಂದರಿನ ಹೆಸರಿದೆ. ಆದರೆ ಇನ್‌ವಾಯ್ಸ್ ಮಾತ್ರ ದುಬೈನ ಒಂದು ಕಂಪನಿಯ ಹೆಸರಿಗೆ ಆಗುತ್ತದೆ. ಯುರೋಪಿನ ಖರೀದಿದಾರರು ತಾವು ಕೊಟ್ಟ ದರವನ್ನು ನಮೂದಿಸಿ ಬರೆದ ಇಮೇಲ್ ತಪ್ಪಿ ನಮ್ಮ ಕಚೇರಿಯ ವಿಳಾಸಕ್ಕೆ ಬಂತು. ನಮ್ಮ ಇನ್‌ವಾಯ್ಸ್‌ನ ದರ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದಲ್ಲದೆ ಹಾಂಗ್‌ಕಾಂಗ್‌ನ ಯಾವುದೋ ಸಲಹಾ ಸಂಸ್ಥೆಗೆ ಪ್ರತಿ ತಿಂಗಳೂ ಕಮಿಷನ್ ಹೋಗುತ್ತದೆ. ಮಾಲೀಕರು ನಮಗೆ ದೂರದ ಬಂಧುಗಳು. "ಒಂದು ಸಹಿ ಅಷ್ಟೇ ತಂಗಿ" ಎಂದು ಹೇಳಿ ನನ್ನ ಆಧಾರ್, ಪಾನ್ ಪಡೆದು ತಮ್ಮ ಇನ್ನೊಂದು ಕಂಪನಿಗೆ ನನ್ನನ್ನು ನಿರ್ದೇಶಕಿಯನ್ನಾಗಿ ಮಾಡಿದ್ದಾರೆ. ಆ ಕಮಿಷನ್ ಹೋಗುವುದು ಆ ಕಂಪನಿಯ ಖಾತೆಯಿಂದಲೇ. ಕಾಗದಗಳ ಫೋಟೋ ನನ್ನ ಮೊಬೈಲ್‌ನಲ್ಲಿವೆ. ನಾನು ಏನು ಮಾಡಬೇಕು?

ಸಿ.ಎ. ಮೇಡಂ: ಇದಕ್ಕೆ ಅವಸರದಲ್ಲಿ ಉತ್ತರ ಹೇಳಲಾಗದು. ಉಳಿದವರು ಸ್ವಲ್ಪ ಕಾಯಬೇಕು.

ನೀವು ಕಂಡದ್ದು ಏನೆಂಬುದನ್ನು ಮೊದಲು ನೋಡೋಣ. ಸರಕು ನೇರ ದಾರಿಯಲ್ಲಿ ಹೋಗುತ್ತದೆ, ಕಾಗದ ಮಾತ್ರ ದುಬೈ ಸುತ್ತಿ ಹೋಗುತ್ತದೆ. ಇಲ್ಲಿನ ಸಂಸ್ಥೆ ಕಡಿಮೆ ದರಕ್ಕೆ ದುಬೈಗೆ ಮಾರಿದ ಹಾಗೆ, ದುಬೈ ಕಂಪನಿ ಪೂರ್ತಿ ದರಕ್ಕೆ ಯುರೋಪಿಗೆ ಮಾರಿದ ಹಾಗೆ ಲೆಕ್ಕ ನಿಲ್ಲುತ್ತದೆ. ನಡುವೆ ಉಳಿದ ಹಣ ಭಾರತದ ಗಡಿಯೊಳಗೆ ಕಾಲಿಡುವುದೇ ಇಲ್ಲ. ಮಧ್ಯವರ್ತಿಯ ಮೂಲಕ ಮಾರುವುದು ಸ್ವತಃ ತಪ್ಪಲ್ಲ, ಇದನ್ನು ನೆನಪಿಡಿ. ಪ್ರಶ್ನೆ ಇರುವುದು ಆ ದುಬೈ ಕಂಪನಿ ಯಾರದು ಎಂಬಲ್ಲಿ. ಅದು ನಿಮ್ಮ ಮಾಲೀಕರದೋ ಅವರ ಮನೆಯವರದೋ ಆಗಿದ್ದು, ರಿಟರ್ನ್‌ನಲ್ಲಿ ಕಾಣದಿದ್ದರೆ, ತೆರಿಗೆ ವಂಚನೆಯ ಜೊತೆಗೆ ವಿದೇಶಿ ವಿನಿಮಯ ಕಾಯ್ದೆ, ಕಸ್ಟಮ್ಸ್ ಕಾಯ್ದೆಗಳ ಉಲ್ಲಂಘನೆಯೂ ಆಗುತ್ತದೆ. ಹಾಂಗ್‌ಕಾಂಗ್ ಕಮಿಷನ್‌ಗೆ ಪ್ರತಿಯಾಗಿ ನಿಜವಾದ ಕೆಲಸ ನಡೆದಿದೆಯೇ ಎಂಬುದನ್ನು ತೋರಿಸುವ ಒಂದು ಪತ್ರವೂ ನಿಮ್ಮ ಕಡತದಲ್ಲಿ ಇಲ್ಲವಾದರೆ, ಅದು ಲಾಭವನ್ನು ಖರ್ಚಿನ ವೇಷದಲ್ಲಿ ಹೊರಗೆ ಸಾಗಿಸುವ ದಾರಿಯಾಗಿರುವ ಸಾಧ್ಯತೆ ಹೆಚ್ಚು. ಇಷ್ಟನ್ನು ನಾನು ಅನುಮಾನವೆಂದು ಹೇಳುತ್ತಿದ್ದೇನೆ, ತೀರ್ಪೆಂದು ಅಲ್ಲ.

ನನಗೆ ನಿಜವಾದ ಚಿಂತೆ ಇರುವುದು ನಿಮ್ಮ ಆ "ಒಂದು ಸಹಿ"ಯ ಬಗ್ಗೆ. ನಿಮ್ಮ ಡಿಜಿಟಲ್ ಸಹಿಯ ಟೋಕನ್, ಅಂದರೆ ಪೆನ್‌ಡ್ರೈವಿನಂತೆ ಕಾಣುವ ಆ ಚಿಕ್ಕ ಸಾಧನ, ಈಗ ಯಾರ ಕೈಯಲ್ಲಿದೆ? ಇಂಥ ಕಚೇರಿಗಳಲ್ಲಿ ಅದು ಮಾಲೀಕರ ಮೇಜಿನ ಡ್ರಾಯರ್‌ನಲ್ಲಿ, ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿಕೊಂಡು ಬಿದ್ದಿರುವುದನ್ನು ನಾನು ಕಂಡಿದ್ದೇನೆ. ಅದರಿಂದ ಸಲ್ಲಿಕೆಯಾದ ಪ್ರತಿಯೊಂದು ನಮೂನೆಗೂ ಕಾನೂನಿನ ಕಣ್ಣಿನಲ್ಲಿ ಸಹಿ ಹಾಕಿದವರು ನೀವು. ರಾಜೀನಾಮೆ ಕೊಡಬಹುದು, ಕೊಡಲೇಬೇಕು. ಆದರೆ ಕಂಪನಿ ಕಾಯ್ದೆಯ 168ನೇ ಕಲಮಿನ ಪ್ರಕಾರ, ನೀವು ನಿರ್ದೇಶಕಿಯಾಗಿದ್ದ ಅವಧಿಯ ಅಪರಾಧಗಳಿಗೆ ರಾಜೀನಾಮೆಯ ನಂತರವೂ ಹೊಣೆ ತಪ್ಪುವುದಿಲ್ಲ. ಆದ್ದರಿಂದ ರಾಜೀನಾಮೆ ಪತ್ರದ ಒಂದೊಂದು ಸಾಲನ್ನೂ ವಕೀಲರು ನೋಡಬೇಕು.

ಇನ್ನು ಫೋಟೋಗಳು. ಯಾರಿಗೂ ಕಳಿಸಬೇಡಿ, ನನಗೂ ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅಳಿಸಲೂ ಬೇಡಿ. ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕಿನ ಫ್ರಾನ್ಸ್ ಘಟಕದಲ್ಲಿ ಗ್ರಾಹಕರಿಗಾಗಿ ಸಮಾರಂಭಗಳನ್ನು ಏರ್ಪಡಿಸುತ್ತಿದ್ದ ಸ್ಟೆಫನಿ ಗಿಬೋ ಅವರಿಗೆ 2008ರಲ್ಲಿ ಕಡತಗಳನ್ನು ಅಳಿಸಿಹಾಕಲು ಆದೇಶ ಬಂತು, ಅವರು ಒಪ್ಪಲಿಲ್ಲ. ಅದೇ ಬ್ಯಾಂಕಿಗೆ 2019ರಲ್ಲಿ ಪ್ಯಾರಿಸ್ ನ್ಯಾಯಾಲಯ 370 ಕೋಟಿ ಯೂರೋ ದಂಡ ಹಾಕಿತು, ಮೇಲ್ಮನವಿಯಲ್ಲಿ ಆ ಮೊತ್ತ ಇಳಿಯಿತು. ಗಿಬೋ ಅವರಿಗೆ ಸಿಕ್ಕದ್ದು ಕಿರುಕುಳಕ್ಕೆ ಪರಿಹಾರವಾಗಿ 30,000 ಯೂರೋ, ಕೆಲಸ ಹೋಯಿತು. ಅಮೆರಿಕದ ಖಜಾನೆ ಇಲಾಖೆಯಲ್ಲಿದ್ದ ನಟಾಲಿ ಎಡ್ವರ್ಡ್ಸ್ ಸಂಶಯಾಸ್ಪದ ವ್ಯವಹಾರಗಳ ವರದಿಗಳನ್ನು ಪತ್ರಕರ್ತರಿಗೆ ಕೊಟ್ಟರು. ಆ ವರದಿಗಳಿಂದ ಹುಟ್ಟಿದ ಫಿನ್‌ಸೆನ್ ಫೈಲ್ಸ್ ಎಂಬ ತನಿಖಾ ಲೇಖನಗಳು 2020ರಲ್ಲಿ ಎರಡು ಲಕ್ಷ ಕೋಟಿ ಡಾಲರ್ ಮೊತ್ತದ ಸಂಶಯದ ವ್ಯವಹಾರಗಳನ್ನು ಬಯಲಿಗೆ ತಂದವು, ಅವರಿಗೆ ಮಾತ್ರ 2021ರಲ್ಲಿ ಆರು ತಿಂಗಳ ಸೆರೆವಾಸವಾಯಿತು. ಮಾಲ್ಟಾದ ಪಿಲಾಟಸ್ ಬ್ಯಾಂಕಿನಲ್ಲಿ ಕೆಲವೇ ತಿಂಗಳು ಕೆಲಸ ಮಾಡಿದ ಮರಿಯಾ ಎಫಿಮೋವಾ ಅಲ್ಲಿನ ವ್ಯವಹಾರಗಳ ಬಗ್ಗೆ ಬಾಯಿ ಬಿಟ್ಟ ಮೇಲೆ ದೇಶ ಬಿಡಬೇಕಾಯಿತು. 2018ರಲ್ಲಿ ಅಥೆನ್ಸ್‌ನಲ್ಲಿ ತಾವೇ ಪೊಲೀಸರೆದುರು ಹಾಜರಾದರು. ಅದೇ ವರ್ಷ ಆ ಬ್ಯಾಂಕಿನ ಪರವಾನಗಿಯೂ ಹೋಯಿತು. ಇದನ್ನೆಲ್ಲ ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಈ ಮೂವರೂ ನಿಮ್ಮ ಹಾಗೆ ಕಾಗದ ಹಾದುಹೋಗುವ ಮೇಜಿನ ಬಳಿ ಇದ್ದವರು. ಅವರು ಮಾತಾಡಿದ ದಾರಿಯ ಬೆಲೆಯನ್ನು ತೆತ್ತರು.

ನಮ್ಮಲ್ಲಿ 2014ರಲ್ಲೇ ಮಾಹಿತಿದಾರರ ರಕ್ಷಣಾ ಕಾಯ್ದೆ ಅಂಗೀಕಾರವಾಗಿದ್ದರೂ ಜಾರಿಗೆ ಬಂದಿಲ್ಲ. ಬಂದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರಕ್ಕೆ ಸಂಬಂಧಿಸಿದ್ದು, ಖಾಸಗಿ ಸಂಸ್ಥೆಗಲ್ಲ. ನಿಮಗೆ ತೆರೆದಿರುವ ದಾರಿ ಆದಾಯ ತೆರಿಗೆ ಇಲಾಖೆಯ 2018ರ ಮಾಹಿತಿದಾರರ ಬಹುಮಾನ ಯೋಜನೆ. ನಿಗದಿತ ನಮೂನೆಯಲ್ಲಿ ತನಿಖಾ ವಿಭಾಗಕ್ಕೆ ಕೊಟ್ಟರೆ ಗುರುತನ್ನು ಗೋಪ್ಯವಾಗಿಡುತ್ತಾರೆ. ಆದರೆ ನೀವು ಬರಿಯ ಮಾಹಿತಿದಾರರಲ್ಲ, ಸಹಿದಾರರೂ ಹೌದು. ಆ ಕಾರಣಕ್ಕೆ ವಕೀಲರನ್ನು ಕಾಣದೆ ಅರ್ಜಿ ಹಾಕಬೇಡಿ.

ಮುಧೋಳದ ಹಿರಿಯರು: ಕಂಟೇನರ್ ಲೆಕ್ಕದಲ್ಲಿ ಹೊರದೇಶಕ್ಕೆ ಹೋಗುವುದೆಂದರೆ ಇಳಕಲ್ ಗ್ರಾನೈಟೇ ಇರಬೇಕು. ತಂಗೀ, ಇಷ್ಟೆಲ್ಲ ಏಕೆ? ಫೋಟೋ ತೋರಿಸಿ ಮಾಲೀಕರ ಬಳಿ ಮಾತಾಡಿ, ನಿಮ್ಮ ಪಾಲು ಕೇಳಿ, ಸುಮ್ಮನಾಗಿ.

ಸಿ.ಎ. ಮೇಡಂ: ಹಿರಿಯರೇ, ನೀವು ಹೇಳಿಕೊಟ್ಟದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸುಲಿಗೆ ಎಂಬ ಹೆಸರಿದೆ. ಊರನ್ನು ಊಹಿಸುವ ಆಟವನ್ನೂ ಇಲ್ಲಿಗೇ ನಿಲ್ಲಿಸಿ. ಆ ಹೆಣ್ಣುಮಗಳ ಗುರುತು ಬಿಚ್ಚಿದರೆ ಅದರ ಹೊಣೆಯನ್ನು ನೀವು ಹೊರುತ್ತೀರಾ?

ಮುಧೋಳದ ಹಿರಿಯರು: ಒಳ್ಳೆಯದಕ್ಕೇ ಹೇಳಿದೆ. ಇಷ್ಟಕ್ಕೆ ಸಿಟ್ಟೇಕೆ?

ಜಮಖಂಡಿಯ ಶಿಕ್ಷಕಿ: ಇದನ್ನೆಲ್ಲ ಓದಿದ ಮೇಲೆ ಹಣದ ವಿಷಯದಲ್ಲಿ ಹೆಂಗಸರೇ ಪ್ರಾಮಾಣಿಕರು ಎಂಬ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು. ಫ್ರಾನ್ಸಿನ ತನಿಖಾ ನ್ಯಾಯಾಧೀಶೆ ಎವಾ ಜೋಲಿ ಕೊಲೆ ಬೆದರಿಕೆಗಳ ನಡುವೆ ಪೊಲೀಸ್ ಕಾವಲಿನಲ್ಲಿ ಓಡಾಡುತ್ತ, ಎಲ್ಫ್ ತೈಲ ಕಂಪನಿಯ ಹಗರಣವನ್ನು ಬೆನ್ನುಹತ್ತಿದರು. 2003ರಲ್ಲಿ ಆ ಕಂಪನಿಯ ಮಾಜಿ ಮುಖ್ಯಸ್ಥನಿಗೆ ಐದು ವರ್ಷ ಶಿಕ್ಷೆಯಾಯಿತು. ಗಂಡಸರು ಇಂಥ ಕೆಲಸಕ್ಕೆ ಎಲ್ಲಿ ಕೈ ಹಾಕುತ್ತಾರೆ?

ಬನಹಟ್ಟಿಯ ನೇಕಾರ: ಟೀಚರ್, ಅಂಗೋಲಾದ ಇಸಾಬೆಲ್ ದೊಸ್ ಸಾಂತೋಸ್ ಗಂಡಸೇ? ಮಾಜಿ ಅಧ್ಯಕ್ಷರ ಮಗಳು, ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥೆಯಾಗಿದ್ದವರು. 2020ರ ಲುವಾಂಡಾ ಲೀಕ್ಸ್ ಎಂಬ ದಾಖಲೆ ಸೋರಿಕೆ ಅವರ ಕಂಪನಿಗಳ ಜಾಲದ ಬಗ್ಗೆಯೇ ಇತ್ತು. ಆ ದಾಖಲೆ ಕೊಟ್ಟವನು ರೂಯಿ ಪಿಂಟೋ ಎಂಬ ಗಂಡಸು.

ಜಮಖಂಡಿಯ ಶಿಕ್ಷಕಿ: ಒಬ್ಬರನ್ನು ಹಿಡಿದು ಎಲ್ಲರನ್ನೂ ಅಳೆಯಬೇಡಿ.

ಬನಹಟ್ಟಿಯ ನೇಕಾರ: ಒಬ್ಬರನ್ನು ಹಿಡಿದು ಎಲ್ಲರನ್ನೂ ಹೊಗಳಿದವರು ನೀವು. ಅದಿರಲಿ, ಪನಾಮದ ಮಾತು ನಮಗೇಕೆ ಬೇಕು? ನಮ್ಮ ಓಣಿಯ ಪತ್ತಿನ ಸಹಕಾರ ಸಂಘದಲ್ಲಿ ನನ್ನ ತಾಯಿಯ ಠೇವಣಿ ಮುಳುಗಿದೆ. ಅದರ ಬಗ್ಗೆ ಮೇಡಂ ಒಂದು ಮಾತು ಹೇಳಲಿ.

ಗುಳೇದಗುಡ್ಡದ ಖಣದಂಗಡಿ: ಹೆಣ್ಣು ಗಂಡು ಎಂಬ ಜಗಳವನ್ನು ಬೇರೆ ಕಡೆ ಆಡಿರಿ. ಮೇಡಂ, ದುಬೈನಲ್ಲಿರುವ ಪರಿಚಯದವರೊಬ್ಬರು ನನ್ನ ಖಾತೆಗೆ ಹಣ ಹಾಕಿಸುತ್ತೇನೆ, ನೂರಕ್ಕೆ ಐದು ಇಟ್ಟುಕೊಂಡು ಉಳಿದದ್ದನ್ನು ಹೇಳಿದವರಿಗೆ ಕಳಿಸಿ ಎನ್ನುತ್ತಾರೆ. ಮಾಡಬಹುದೇ?

ಸಿ.ಎ. ಮೇಡಂ: ಮಾಡಬೇಡಿ. ಸೈಬರ್ ವಂಚಕರು ಕದ್ದ ಹಣವನ್ನು ದಾಟಿಸುವುದು ಇಂಥ ಬಾಡಿಗೆ ಖಾತೆಗಳಲ್ಲೇ. ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ. ಈಗಾಗಲೇ ಹಣ ಬಂದಿದ್ದರೆ ಅದನ್ನು ಮುಟ್ಟದೆ, ಇಂದೇ ಬ್ಯಾಂಕಿಗೆ ಬರೆದು ಕೊಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ.

ಬೀಳಗಿಯ ವಿದ್ಯಾರ್ಥಿನಿ: ಮೇಡಂ, ಕ್ರಿಪ್ಟೋದಲ್ಲಿ ಹೊರಗೆ ಕಳಿಸಿದರೆ ಇದೆಲ್ಲ ಹೇಗೆ ಪತ್ತೆಯಾಗುತ್ತದೆ?

ನವನಗರದ ಗೃಹಿಣಿ: ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ನಮ್ಮ ಮೈದುನನಿಗೆ ಇಮೇಲ್ ಬಂದಿದೆ. ಲಂಡನ್ನಿನಿಂದ ಬಂದ ದೊಡ್ಡ ಮೊತ್ತ ತಡೆಹಿಡಿದಿದ್ದಾರಂತೆ, 18,500 ರೂಪಾಯಿ ಶುಲ್ಕ ಕಟ್ಟಿದರೆ ಬಿಡುತ್ತಾರಂತೆ. ಜೊತೆಗೆ, ಸ್ವಿಸ್ ಹಣ ಪ್ರತಿಯೊಬ್ಬರ ಖಾತೆಗೂ ಬರುತ್ತದೆ ಎಂಬ ಸಂದೇಶವೂ ಬಂದಿದೆ. ಅದನ್ನು ಇಲ್ಲಿ ಹಾಕಲೇ?

ಸಿ.ಎ. ಮೇಡಂ: ಹಾಕಬೇಡಿ. ರಿಸರ್ವ್ ಬ್ಯಾಂಕ್ ಯಾರ ಹಣವನ್ನೂ ತಡೆಹಿಡಿದು ಶುಲ್ಕ ಕೇಳುವುದಿಲ್ಲ. ಒಂದು ರೂಪಾಯಿಯನ್ನೂ ಕಟ್ಟಬಾರದೆಂದು ಮೈದುನನಿಗೆ ಈ ಕ್ಷಣವೇ ಹೇಳಿ. ಸ್ವಿಸ್ ಹಣದ ಉತ್ತರ ಮೇಲಿದೆ.

ಮುಧೋಳದ ಹಿರಿಯರು: ಎನ್‌ಆರ್‌ಐ ಬಂಧುಗಳ ಹೆಸರಿಗೆ ಹಣ ವರ್ಗಾಯಿಸಿದರೆ ತೆರಿಗೆಯೇ ಇಲ್ಲ ಎಂದು ನಮ್ಮ ನಿವೃತ್ತರ ಗುಂಪಿನಲ್ಲಿ ಬಂದಿದೆ.

ಸಿ.ಎ. ಮೇಡಂ: ನಿಮ್ಮ ಹಣವನ್ನು ಇನ್ನೊಬ್ಬರ ಹೆಸರಿನಲ್ಲಿ ಬಚ್ಚಿಟ್ಟರೆ ಬೇನಾಮಿ ಕಾಯ್ದೆ ಬರುತ್ತದೆ, ಸ್ವತ್ತು ಮುಟ್ಟುಗೋಲಾಗುತ್ತದೆ. ಆ ಗುಂಪಿನಿಂದ ಹೊರಗೆ ಬನ್ನಿ.

ಬನಹಟ್ಟಿಯ ನೇಕಾರ: ಎಲ್ಲರಿಗೂ ಉತ್ತರ ಸಿಗುತ್ತಿದೆ. ನನ್ನ ತಾಯಿಯ ಠೇವಣಿಯ ಪ್ರಶ್ನೆ ಮಾತ್ರ ಹಾಗೇ ಬಿದ್ದಿದೆ. ಇಂಗ್ಲಿಷ್ ಹೆಸರಿನ ಕಳ್ಳರಿಗೆ ಇರುವ ಮರ್ಯಾದೆ ನಮ್ಮ ಕಳ್ಳರಿಗೆ ಇಲ್ಲವೇ?

ಜಮಖಂಡಿಯ ಶಿಕ್ಷಕಿ: ಮೇಡಂ ಫೀ ತೆಗೆದುಕೊಳ್ಳದೆ ಬರೆಯುತ್ತಿದ್ದಾರೆ, ಮಾತಿನ ಮೇಲೆ ಹಿಡಿತವಿರಲಿ.

ಅಡ್ಮಿನ್: ಇಬ್ಬರಿಗೂ ಇದು ಕೊನೆಯ ಎಚ್ಚರಿಕೆ.

ಹೆಸರು ಬೇಡ: ಅಕ್ಕಾವರೇ, ನೀವು ಕೇಳಿದ ಟೋಕನ್ ಮಾಲೀಕರ ಬಳಿಯೇ ಇದೆ. ನಾನು ಅದನ್ನು ಕೈಯಲ್ಲಿ ಹಿಡಿದೇ ಇಲ್ಲ. ನಾಳೆ ಬ್ಯಾಂಕಿನವರು ಬರುತ್ತಾರೆ, ಕಂಪನಿಯ ಸಾಲಕ್ಕೆ ನಿರ್ದೇಶಕರ ವೈಯಕ್ತಿಕ ಜಾಮೀನು ಬೇಕಂತೆ, ಹನ್ನೊಂದು ಗಂಟೆಗೆ ಸಹಿ ಮಾಡಲು ಹೇಳಿದ್ದಾರೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಸಿ.ಎ. ಮೇಡಂ: ಸಹಿ ಮಾಡಬೇಡಿ. ಆ ಸಾಲ ತೀರದಿದ್ದರೆ ಬ್ಯಾಂಕು ನಿಮ್ಮ ಸ್ವಂತ ಆಸ್ತಿಯ ಮೇಲೆ ಬರುತ್ತದೆ. ನಿಮ್ಮ ಸಂಬಳ ಎಷ್ಟೆಂದು ಆಗ ಯಾರೂ ಕೇಳುವುದಿಲ್ಲ. ನಾಳೆ ಕೆಲಸಕ್ಕೆ ರಜೆ ಹಾಕಿ, ಕಾರಣ ಹೇಳುವ ಅಗತ್ಯವಿಲ್ಲ. ಒಂಬತ್ತೂವರೆಗೆ ನನ್ನ ಕಚೇರಿಗೆ ಬನ್ನಿ, ಮನೆಯವರೊಬ್ಬರು ಜೊತೆಗಿರಲಿ. ಕಂಪನಿ ಪ್ರಕರಣಗಳನ್ನು ನಡೆಸುವ ವಕೀಲೆಯೊಬ್ಬರಿಗೆ ಹೇಳಿ ಇಟ್ಟಿರುತ್ತೇನೆ. ಪಾನ್, ಆಧಾರ್, ನಿಮ್ಮ ಸಂಬಳ ಬಂದ ಖಾತೆಯ ಪಾಸ್‌ಬುಕ್, ನೇಮಕದ ವೇಳೆ ಕೊಟ್ಟ ಯಾವುದೇ ಪತ್ರ ಇದ್ದರೆ ಅದನ್ನೂ ತನ್ನಿ. ನಿಮ್ಮ ಹೆಸರಿನಲ್ಲಿ ಈವರೆಗೆ ಏನೇನು ಸಲ್ಲಿಕೆಯಾಗಿದೆ ಎಂಬುದನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನಾವೇ ತೆಗೆದು ನೋಡೋಣ, ಡಿಜಿಟಲ್ ಸಹಿಯನ್ನು ರದ್ದು ಮಾಡಿಸುವ ಅರ್ಜಿಯನ್ನೂ ನನ್ನ ಕಚೇರಿಯಲ್ಲೇ ಕುಳಿತು ಹಾಕೋಣ. ಇನ್ನು ಮುಂದೆ ಇಲ್ಲಿ ಏನನ್ನೂ ಬರೆಯಬೇಡಿ.

ಅಡ್ಮಿನ್: "ಹೆಸರು ಬೇಡ" ಸದಸ್ಯೆಯ ಎರಡೂ ಬರಹಗಳನ್ನು ರಾತ್ರಿ ಹತ್ತಕ್ಕೆ ಅಳಿಸಲಾಗುವುದು. ಸ್ಕ್ರೀನ್‌ಶಾಟ್ ತೆಗೆದು ಹೊರಗೆ ಹಂಚಿದವರನ್ನು ಗುಂಪಿನಿಂದ ತೆಗೆಯುತ್ತೇವೆ. ಪ್ರಶ್ನೆಗಳನ್ನು ಇಲ್ಲಿಗೆ ನಿಲ್ಲಿಸಲಾಗಿದೆ.

ಮುಧೋಳದ ಹಿರಿಯರು: ಒಂದೇ ಒಂದು ಪ್ರಶ್ನೆ ಉಳಿದಿದೆ. ಆ ಸ್ವಿಸ್ ಪಟ್ಟಿ ಸುಳ್ಳೆಂದರೆ ಪೂರ್ತಿ ಸುಳ್ಳೇ?

ಸಿ.ಎ. ಮೇಡಂ: ಪೂರ್ತಿ.