ಎಂಟನೆಯ ತರಗತಿಯ ಮಗ ಅಶ್ಲೀಲ ವಿಡಿಯೊ ನೋಡಿದ್ದಾನೆ. ಮಾತನ್ನು ಎಲ್ಲಿಂದ ಆರಂಭಿಸಲಿ?

ಪ್ರಶ್ನೆ (ತಾಯಿ, ದಾವಣಗೆರೆ)
ಹದಿಮೂರು ವರ್ಷದ ನನ್ನ ಮಗ ಹೋಂವರ್ಕ್‌ಗೆಂದು ನನ್ನದೇ ಮೊಬೈಲ್ ಬಳಸುತ್ತಾನೆ. ಕಳೆದ ವಾರ ಬ್ರೌಸರ್ ಹಿಸ್ಟರಿಯಲ್ಲಿ ಅಶ್ಲೀಲ ವಿಡಿಯೊಗಳ ಪುಟಗಳು ಸಾಲಾಗಿ ಕಂಡವು. ಅವನ ತಂದೆಗೆ ತಿಳಿದರೆ ಕೈ ಮಾಡುತ್ತಾರೆಂಬ ಭಯ, ಸುಮ್ಮನಿದ್ದರೆ ನಾನೇ ತಪ್ಪಿದಂತಾಗುತ್ತದೆಂಬ ಸಂಕಟ ಎರಡೂ ಇವೆ. ಮುಟ್ಟಿನ ಮಾತನ್ನೂ ಪಿಸುದನಿಯಲ್ಲೇ ಆಡುವ ಮನೆ ನಮ್ಮದು. ಇದನ್ನು ಯಾವ ಶಬ್ದಗಳಲ್ಲಿ ಹೇಳಲಿ?

ಉತ್ತರ (ಪ್ರೌಢಶಾಲಾ ಶಿಕ್ಷಕಿ)
ಅಕ್ಕಾ, ತಕ್ಷಣ ರೇಗದೆ ತಡೆದುಕೊಂಡದ್ದು ಒಳ್ಳೆಯದಾಯಿತು. ಗೊತ್ತಿದ್ದೂ ಗೊತ್ತಿಲ್ಲದವರಂತೆ "ಏನಾದರೂ ನೋಡಿದೆಯಾ?" ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆ ಅವನನ್ನು ಸುಳ್ಳಿಗೆ ದೂಡುತ್ತದೆ. "ಆ ಪುಟಗಳನ್ನು ನಾನು ನೋಡಿದೆ, ಬೈಯುವುದಕ್ಕೆ ಕರೆದಿಲ್ಲ" ಎಂದು ನೇರವಾಗಿ ಹೇಳಿ. ಎದುರಿಗೆ ಕೂರಿಸಿ ವಿಚಾರಣೆ ನಡೆಸುವುದಕ್ಕಿಂತ ಅವರೆಕಾಯಿ ಸುಲಿಯುತ್ತಲೋ ಸ್ಕೂಟರಿನಲ್ಲಿ ಹೋಗುತ್ತಲೋ ಮಾತಾಡಿದರೆ, ಮುಖ ನೋಡಬೇಕಾದ ಮುಜುಗರ ಇಬ್ಬರಿಗೂ ತಪ್ಪುತ್ತದೆ. ದೇಹದ ಬಗ್ಗೆ ಕುತೂಹಲ ಹುಟ್ಟುವುದು ತಪ್ಪಲ್ಲ ಎಂಬುದು ಮೊದಲ ಮಾತಾಗಲಿ. ಆಮೇಲೆ, ಆ ವಿಡಿಯೊಗಳಲ್ಲಿ ಹೆಚ್ಚಿನವು ಹಣಕ್ಕಾಗಿ ನಟಿಸಿ, ಕತ್ತರಿಸಿ ಜೋಡಿಸಿದವು, ಕೆಲವನ್ನು ಒಪ್ಪಿಗೆಯೇ ಇಲ್ಲದೆ ಚಿತ್ರಿಸಿ ಹರಿಬಿಡಲಾಗಿದೆ, ಗಂಡುಹೆಣ್ಣಿನ ಪ್ರೀತಿ ಹಾಗಿರುವುದಿಲ್ಲ ಎಂದು ತಿಳಿಸಿ. ಶಬ್ದಗಳು ವಿಜ್ಞಾನದ ಪಠ್ಯಪುಸ್ತಕದಲ್ಲೇ ಇವೆ.

ಉತ್ತರ (ತಂದೆ, ಬೆಂಗಳೂರು)
ನಾನು ಮಗನ ಮೊಬೈಲ್ ಕಿತ್ತುಕೊಂಡೆ. ಅವನು ಗೆಳೆಯನ ಮೊಬೈಲ್‌ನಲ್ಲಿ ನೋಡಿದ, ನನ್ನೊಡನೆ ಮಾತು ಬಿಟ್ಟ. ಗೂಗಲ್ ಹುಡುಕಾಟದಲ್ಲಿ ಅಶ್ಲೀಲ ಫಲಿತಾಂಶಗಳನ್ನು ತಡೆಯುವ ಸೇಫ್‌ಸರ್ಚ್, ಮಕ್ಕಳ ಮೊಬೈಲ್ ಬಳಕೆಯ ಮೇಲೆ ಪೋಷಕರು ಕಣ್ಣಿಡಬಹುದಾದ ಫ್ಯಾಮಿಲಿ ಲಿಂಕ್ ಆ್ಯಪ್ ಹಾಕಬಹುದು, ಆದರೆ ಮಗನಿಗೆ ತಿಳಿಸಿಯೇ ಹಾಕಿ.

ಉತ್ತರ (ಆಪ್ತಸಮಾಲೋಚಕ)
ಕಾನೂನಿನ ವಿಷಯವನ್ನೂ ತಿಳಿಸಿ. 18 ವರ್ಷದೊಳಗಿನವರ ಲೈಂಗಿಕ ದೃಶ್ಯಗಳನ್ನು ಹುಡುಕುವುದು, ಡೌನ್‌ಲೋಡ್ ಮಾಡುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಅನ್ವಯ ಅಪರಾಧ. ಸಹಪಾಠಿಯ ಅಂತಹ ಫೋಟೊವನ್ನು ವಾಟ್ಸಾಪ್ ಗುಂಪಿಗೆ ಕಳಿಸಿದರೂ ಅಷ್ಟೇ. ಯಾರಾದರೂ ಅವನದೇ ಚಿತ್ರವಿಟ್ಟು ಬೆದರಿಸಿದರೆ ಮೊದಲು ನಿಮ್ಮ ಬಳಿಗೇ ಬರುವ ಧೈರ್ಯ ಅವನಿಗಿರಬೇಕು. ಮಕ್ಕಳ ಸಹಾಯವಾಣಿ 1098. ನಿದ್ದೆ, ಓದು, ಆಟ ಕೆಟ್ಟು, ಬಿಡಲು ಬಯಸಿದರೂ ಬಿಡಲಾಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲ್, ಇಂಟರ್ನೆಟ್ ಅತಿಬಳಕೆಗೆ ಚಿಕಿತ್ಸೆ ಕೊಡುವ ಶಟ್ ಕ್ಲಿನಿಕ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಇದೆ. ಒಂದೆರಡು ಬಾರಿ ನೋಡಿದ್ದನ್ನು ಚಟವೆಂದು ಕರೆಯಬೇಡಿ.

ಪ್ರಶ್ನೆ ಕೇಳಿದವರು
ನಿನ್ನೆ ಮಾತನಾಡಿದೆ. ತಲೆ ತಗ್ಗಿಸಿಯೇ ಎಲ್ಲವನ್ನೂ ಕೇಳಿ, ಕೊನೆಗೆ "ಅಪ್ಪನಿಗೆ ಹೇಳುತ್ತೀಯಾ?" ಎಂದ. ಏನು ಹೇಳಲಿ?

ಉತ್ತರ (ತಂದೆ, ಬೆಂಗಳೂರು)
"ಹೇಳುತ್ತೇನೆ, ಆದರೆ ನಿನ್ನ ಮೇಲೆ ಕೈ ಎತ್ತುವುದಿಲ್ಲವೆಂದು ಅವರಿಂದ ಮಾತು ತೆಗೆದುಕೊಂಡ ಮೇಲೆ" ಎನ್ನಿ ತಾಯಿ. ಆ ಮಾತನ್ನು ಅವರಿಂದ ಇಂದೇ ತೆಗೆದುಕೊಳ್ಳಿ.